ಪಾರ್ಕಿಂಗ್‌ಗೆ ನೀರಿಳಿಯುವ ಪೇವರ್, ಅಡಿಗೆ ಜಿಯೋಟೆಕ್ಸ್‌ಟೈಲ್: ಗಾಡಿ ಆಯಿಲ್‌ನ ನಿಜಕ್ಕೂ ಬ್ಯಾಕ್ಟೀರಿಯಾ ತಿನ್ನುತ್ತಾ?

ಕತ್ರಿಗುಪ್ಪೆ ಮಂಜುಳಾ

ಎಲ್ಲರಿಗೂ ನಮಸ್ಕಾರ. ಸಿವಿಲ್ ಕೆಲಸ ಗೊತ್ತಿರುವವರು, ಮಳೆನೀರು ಇಂಗಿಸಿ ಅನುಭವ ಇರುವವರು ಇಲ್ಲಿ ತುಂಬಾ ಜನ ಇದ್ದೀರಿ. ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ.

ನಮ್ಮದು ಕತ್ರಿಗುಪ್ಪೆಯಲ್ಲಿ ಒಂದು ಹಳೇ ಅಪಾರ್ಟ್‌ಮೆಂಟ್. ಹಿಂದುಗಡೆ ತೆರೆದ ಪಾರ್ಕಿಂಗ್ ಇದೆ, ಸುಮಾರು 3,000 ಚದರಡಿ. ಪೂರ್ತಿ ಕಾಂಕ್ರೀಟ್. ಅಲ್ಲಲ್ಲಿ ಒಡೆದು ಹೋಗಿದೆ. ಮಳೆ ಬಂದರೆ ನೀರೆಲ್ಲ ಗೇಟಿನ ಕಡೆ ಓಡಿ ಚರಂಡಿ ಸೇರುತ್ತದೆ, ಇತ್ತ ಬೋರ್‌ವೆಲ್ ಬೇಸಿಗೆ ಬಂದರೆ ಸಾಕು ಕೈ ಕೊಡುತ್ತದೆ. ಅದಕ್ಕೆ ಕಾಂಕ್ರೀಟ್ ಕಿತ್ತು, ನೀರು ಕೆಳಗಿಳಿಯುವ ಥರದ ಪೇವರ್ ಹಾಕಿಸೋಣ ಅಂತ ಅಸೋಸಿಯೇಷನ್ ಮೀಟಿಂಗ್‌ನಲ್ಲಿ ತೀರ್ಮಾನ ಆಗಿದೆ. ಮೂಲೆಯಲ್ಲಿ ಈಗಾಗಲೇ ಒಂದು ಇಂಗುಬಾವಿ ಇದೆ, ಟೆರೇಸ್ ನೀರು ಅದಕ್ಕೇ ಹೋಗುತ್ತದೆ. ಪಾರ್ಕಿಂಗ್ ಕೆಳಗೆ ಸೇರುವ ನೀರನ್ನೂ ಪೈಪ್ ಹಾಕಿ ಅದಕ್ಕೇ ಬಿಡುತ್ತೇವೆ ಅನ್ನುವುದು ಕಂಟ್ರಾಕ್ಟರ್ ಪ್ಲಾನ್.

ನನಗೆ ಭಯ ಇರುವುದು ಆಯಿಲ್ ಬಗ್ಗೆ. ಗಾಡಿ ನಿಲ್ಲಿಸುವ ಕಡೆಯಲ್ಲೆಲ್ಲ ಕಪ್ಪು ಕಲೆ. ಎರಡು ಹಳೇ ಕಾರು ದಿನವೂ ತೊಟ್ಟಿಕ್ಕುತ್ತವೆ. ಸಾಲದ್ದಕ್ಕೆ ಒಬ್ಬ ಮೆಕ್ಯಾನಿಕ್ ಭಾನುವಾರ ಬಂದು ನಾಲ್ಕಾರು ಮನೆಯವರ ಬೈಕಿಗೆ ಇಲ್ಲೇ ಆಯಿಲ್ ಚೇಂಜ್ ಮಾಡಿಕೊಡುತ್ತಾನೆ. ಇದನ್ನು ಕಂಟ್ರಾಕ್ಟರ್‌ಗೆ ಹೇಳಿದರೆ ಅವರು, ಪೇವರ್ ಕೆಳಗೆ ಜಿಯೋಟೆಕ್ಸ್‌ಟೈಲ್ ಬಟ್ಟೆ ಹಾಕ್ತೀವಿ, ಅದರಲ್ಲಿ ಬ್ಯಾಕ್ಟೀರಿಯಾ ಬೆಳೆದು ಆಯಿಲ್‌ನ ತಿಂದು ಹಾಕುತ್ತೆ, ಆಮೇಲೆ ಮೇಂಟೆನೆನ್ಸ್ ಏನೂ ಇಲ್ಲ ಅಂದರು. ಜೊತೆಗೆ ಬ್ಯಾಕ್ಟೀರಿಯಾ ಪುಡಿ ಅಂತ ಕೊಟೇಶನ್‌ನಲ್ಲಿ ಒಂದು ದೊಡ್ಡ ಮೊತ್ತ ಬರೆದಿದ್ದಾರೆ. ನಮ್ಮ ಮೊದಲ ಮಹಡಿಯ ಅಂಕಲ್ ಒಬ್ಬರು ಪ್ಲಾಸ್ಟಿಕ್ ಬಟ್ಟೆ ಯಾಕೆ, ತೆಂಗಿನ ನಾರಿನದ್ದು ಹಾಕೋಣ ಅನ್ನುತ್ತಿದ್ದಾರೆ.

ಇದು ನಿಜಕ್ಕೂ ಕೆಲಸ ಮಾಡುತ್ತಾ? ಪುಡಿ ಬೇಕಾ? ನೀರು ಇಂಗಿಸಲು ಹೋಗಿ ನಾವೇ ಕೈಯಾರೆ ಬೋರ್‌ವೆಲ್‌ಗೆ ಆಯಿಲ್ ಸೇರಿಸಿದ ಹಾಗೆ ಆಗಬಾರದು. ಗೊತ್ತಿದ್ದವರು ದಯವಿಟ್ಟು ಬಿಡಿಸಿ ಹೇಳಿ.

ಜಲ್ಲಿ ಲೆಕ್ಕ

ಮೇಡಂ, ನಾನು ಸಿವಿಲ್ ಇಂಜಿನಿಯರ್, ಮಳೆನೀರು ಕೆಲಸವೇ ಜಾಸ್ತಿ ಮಾಡುವುದು. ಕಂಟ್ರಾಕ್ಟರ್ ಹೇಳಿದ್ದರಲ್ಲಿ ಅರ್ಧ ನಿಜ. ಆ ಅರ್ಧ ಗಟ್ಟಿ ನಿಜ, ಅದನ್ನು ಮೊದಲು ಹೇಳುತ್ತೇನೆ.

ಇದು ಬಟ್ಟೆ ಮಾರುವವರು ಹುಟ್ಟಿಸಿದ ಮಾತಲ್ಲ. ಇಂಗ್ಲೆಂಡಿನ ಕೊವೆಂಟ್ರಿ ವಿಶ್ವವಿದ್ಯಾಲಯದಲ್ಲಿ ಕ್ರಿಸ್ ಪ್ರ್ಯಾಟ್, ಆಲನ್ ನ್ಯೂಮನ್ ಮತ್ತು ಅವರ ಜೊತೆಗಾರರು 1990ರ ದಶಕದಿಂದ ಇದರ ಮೇಲೆ ಕೂತು ಕೆಲಸ ಮಾಡಿದ್ದಾರೆ. ಲ್ಯಾಬ್‌ನಲ್ಲೇ ಪಾರ್ಕಿಂಗ್‌ನ ಪದರಗಳನ್ನು ಕಟ್ಟಿದರು. ಮೇಲೆ ಕಾಂಕ್ರೀಟ್ ಬ್ಲಾಕ್, ಕೆಳಗೆ ಸಣ್ಣ ಜಲ್ಲಿ, ಅದರಡಿ ಜಿಯೋಟೆಕ್ಸ್‌ಟೈಲ್, ಅದರಡಿ ದಪ್ಪ ಜಲ್ಲಿ. ಮೇಲಿಂದ ಇಂಜಿನ್ ಆಯಿಲ್ ಸ್ವಲ್ಪ ಸ್ವಲ್ಪವೇ ಹಾಕುತ್ತಾ, ಮಳೆಯ ಹಾಗೆ ನೀರು ಸುರಿಸುತ್ತಾ, ಕೆಳಗೆ ಇಳಿದು ಬಂದ ನೀರಲ್ಲಿ ಆಯಿಲ್ ಎಷ್ಟಿದೆ ಅಂತ ಅಳೆದರು. 1999ರಲ್ಲಿ ಪ್ರಕಟವಾದ ಲೆಕ್ಕದ ಪ್ರಕಾರ ಹಾಕಿದ ಆಯಿಲ್‌ನಲ್ಲಿ ಶೇ. 97ಕ್ಕಿಂತ ಜಾಸ್ತಿ ಒಳಗೇ ಉಳಿದಿತ್ತು. ಸುಮ್ನೆ ಉಳಿದಿರಲೂ ಇಲ್ಲ. ಪದರಗಳ ನಡುವಿನ ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಏರುತ್ತಿತ್ತು. ಅಂದರೆ ಒಳಗೆ ಜೀವಿಗಳು ಆಯಿಲ್ ತಿಂದು ಉಸಿರಾಡುತ್ತಿದ್ದವು.

ಇದರಲ್ಲಿ ಬಟ್ಟೆಯ ಕೆಲಸ ಏನು? ಸಾಮಾನ್ಯವಾಗಿ ಜಿಯೋಟೆಕ್ಸ್‌ಟೈಲ್ ಅಂದರೆ ಪಾಲಿಪ್ರೊಪಿಲೀನ್ ಎಳೆಗಳನ್ನು ನೇಯದೆ ಒತ್ತಿ ಮಾಡಿದ ದಪ್ಪ ಬಟ್ಟೆ. ಈ ಎಳೆಗೆ ನೀರು ಅಂಟುವುದಿಲ್ಲ, ಎಣ್ಣೆ ಅಂಟುತ್ತದೆ. ಮೇಲಿಂದ ಬಂದ ನೀರು ತೂತುಗಳಲ್ಲಿ ಇಳಿದು ಹೋಗುತ್ತದೆ, ಆಯಿಲ್ ಎಳೆಗಳ ಮೇಲೆ ತೆಳ್ಳಗೆ ಹರಡಿಕೊಂಡು ನಿಲ್ಲುತ್ತದೆ. ದಪ್ಪ ಉಂಡೆಯಾಗಿರುವ ಆಯಿಲ್‌ನ ಒಳಗಡೆಗೆ ಬ್ಯಾಕ್ಟೀರಿಯಾ ಬಾಯಿ ಹಾಕಲಾರವು. ಹೀಗೆ ತೆಳ್ಳಗೆ ಹರಡಿದಾಗ ಒಂದು ಕಡೆ ಆಯಿಲ್, ಪಕ್ಕದಲ್ಲೇ ತೇವ, ಸುತ್ತ ಗಾಳಿ, ಮೂರೂ ಒಂದೇ ಜಾಗದಲ್ಲಿ ಸಿಗುತ್ತವೆ. ಅಲ್ಲೇ ಅವು ಲೋಳೆ ಪದರ ಕಟ್ಟಿಕೊಂಡು ನೆಲೆಸುತ್ತವೆ. ಜಲ್ಲಿಯ ಮೇಲೂ ಇದು ನಡೆಯುತ್ತದೆ, ಬಟ್ಟೆಯಲ್ಲಿ ಜಾಸ್ತಿ.

ಈಗ ಸುಳ್ಳಿನ ಅರ್ಧ. ಕೊವೆಂಟ್ರಿಯಲ್ಲಿ ಹಾಕಿದ್ದು ಗಾಡಿಯಿಂದ ತೊಟ್ಟಿಕ್ಕುವ ಲೆಕ್ಕದ ಆಯಿಲ್. ಒಂದೇ ಸಲ ಲೀಟರ್‌ಗಟ್ಟಲೆ ಚೆಲ್ಲಿದರೆ ಬಟ್ಟೆ ಹಿಡಿದಿಡಲಾರದು, ಮುಂದಿನ ಮಳೆಗೆ ಕೆಳಗಿಳಿಯುತ್ತದೆ. ಆ ತಂಡವೇ ಮುಂದೆ ಈ ಮಿತಿಯ ಬಗ್ಗೆ ಬರೆದು, ಚೆಲ್ಲಿದ ಆಯಿಲ್ ತಡೆಯಲು ಬೇರೆ ವ್ಯವಸ್ಥೆಗಳನ್ನು ಹುಡುಕಿತು. ಹಾಗಾಗಿ ನಿಮ್ಮ ಹಳೇ ಕಾರುಗಳ ತೊಟ್ಟು ಈ ಪದರಕ್ಕೆ ಆಹಾರ, ಭಾನುವಾರದ ಆಯಿಲ್ ಚೇಂಜ್ ಅದಕ್ಕೆ ವಿಷ. ಮೇಂಟೆನೆನ್ಸ್ ಇಲ್ಲ ಅನ್ನುವುದಂತೂ ಶುದ್ಧ ಸುಳ್ಳು, ಅದಕ್ಕೆ ಆಮೇಲೆ ಬರುತ್ತೇನೆ.

ಬೆಂಗಳೂರಲ್ಲಿ ಈ ಕೆಲಸ ಕೆಡುವುದು ಹೆಚ್ಚಾಗಿ ಬಟ್ಟೆಯಿಂದಲ್ಲ, ಜಲ್ಲಿಯಿಂದ. ನಮ್ಮ ಮೇಸ್ತ್ರಿಗಳಿಗೆ ಪೇವರ್ ಅಂದರೆ ಕೆಳಗೆ ಎಂ-ಸ್ಯಾಂಡ್ ಅಥವಾ ಕ್ರಷರ್ ಡಸ್ಟ್ ಹರವಿ ಕೂರಿಸುವುದು ಅಭ್ಯಾಸ. ಸಾದಾ ಪೇವರ್‌ಗೆ ಅದು ಸರಿ. ನೀರಿಳಿಯಬೇಕಾದ ಕಡೆ ಡಸ್ಟ್ ಹಾಕಿದರೆ ಅಲ್ಲಿಗೆ ಮುಗಿಯಿತು, ಕಾಂಕ್ರೀಟ್‌ಗೂ ಅದಕ್ಕೂ ವ್ಯತ್ಯಾಸ ಇರಲ್ಲ. ಪೇವರ್ ಕೆಳಗೆ 50 ಎಂಎಂ ದಪ್ಪಕ್ಕೆ 6 ಎಂಎಂ ಚಿಪ್ಸ್, ತೊಳೆದದ್ದು. ಸಂದಿ ತುಂಬಲೂ ಸಣ್ಣ ಚಿಪ್ಸೇ, ಮರಳಲ್ಲ. ಚಿಪ್ಸ್ ಕೆಳಗೆ ಮೇಲಿನ ಬಟ್ಟೆ. ಅದರ ಕೆಳಗೆ 20 ಮತ್ತು 40 ಎಂಎಂ ಜಲ್ಲಿ, ಒಟ್ಟು 300 ಎಂಎಂ ಆದರೂ ಇರಲಿ. ಎಲ್ಲಕ್ಕಿಂತ ಅಡಿಯಲ್ಲಿ, ಮಣ್ಣಿನ ಮೇಲೆ, ಇನ್ನೊಂದು ಬಟ್ಟೆ. ಅದು ಆಯಿಲ್‌ಗಲ್ಲ, ಕೆಂಪು ಮಣ್ಣು ಜಲ್ಲಿಯೊಳಗೆ ಏರದಿರಲಿ ಅಂತ. ಜಲ್ಲಿ ಲೋಡ್ ಬಂದಾಗ ಒಂದು ಬಕೆಟ್‌ಗೆ ಹಾಕಿ ನೀರು ಬಿಟ್ಟು ಕಲಕಿ ನೋಡಿ. ನೀರು ಗಂಜಿಯ ಹಾಗೆ ಬೂದು ಆದರೆ ಲೋಡ್ ವಾಪಸ್ ಕಳಿಸಿ, ಅಥವಾ ತೊಳೆಸಿ ಹಾಕಿಸಿ.

300 ಎಂಎಂ ಯಾಕೆ ಅಂದರೆ, ಇಂಥ ಜಲ್ಲಿಯಲ್ಲಿ ಮೂರನೇ ಒಂದು ಭಾಗ ಖಾಲಿ ಜಾಗ. ಅಂದರೆ ಸುಮಾರು 100 ಎಂಎಂ ಮಳೆ ಹಿಡಿಯುತ್ತದೆ. ನಿಮ್ಮ 3,000 ಚದರಡಿಗೆ ಅದು ಹತ್ತಿರ ಹತ್ತಿರ 28,000 ಲೀಟರ್. ವರ್ಷಕ್ಕೆ ಸರಾಸರಿ 970 ಎಂಎಂ ಆಸುಪಾಸು ಮಳೆ ಬೀಳುವ ಊರಲ್ಲಿ ಇದು ಸಣ್ಣ ಮಾತಲ್ಲ.

ಕೊನೆಯದಾಗಿ, ಎಲ್ಲಕ್ಕಿಂತ ಮುಖ್ಯವಾದದ್ದು. ಪಾರ್ಕಿಂಗ್ ಕೆಳಗಿನ ನೀರನ್ನು ಪೈಪ್‌ನಲ್ಲಿ ಇಂಗುಬಾವಿಗೆ ಬಿಡುವ ಪ್ಲಾನ್ ಇದೆಯಲ್ಲ, ಅದನ್ನು ತೆಗೆಸಿ. ಇಂಗುಬಾವಿ ಅಂದರೆ ಮೇಲಿನ ಮಣ್ಣನ್ನು ದಾಟಿಸಿ ನೀರನ್ನು ಆಳಕ್ಕೆ ಇಳಿಸುವ ದಾರಿ. ಟೆರೇಸ್ ನೀರಿಗೆ ಅದು ಸರಿ. ಗಾಡಿ ನಿಲ್ಲುವ ಜಾಗದ ನೀರು ಬಟ್ಟೆ, ಜಲ್ಲಿ ದಾಟಿದ ಮೇಲೂ ಮಣ್ಣಿನ ಮೂಲಕವೇ ನಿಧಾನಕ್ಕೆ ಇಳಿಯಬೇಕು. ಜಾಸ್ತಿಯಾದ ನೀರಿಗೆ ಮಾತ್ರ ಒಂದು ಪೈಪ್ ಕೊಟ್ಟು ಹೊರಗೆ ಮಳೆನೀರು ಚರಂಡಿಗೆ ಬಿಡಿ.

ಸೂಕ್ಷ್ಮಜೀವಿ ಮೇಷ್ಟ್ರು

ಮಂಜುಳಾ ಅವರೇ, ನಾನು ಕಾಲೇಜಿನಲ್ಲಿ ಮೈಕ್ರೋಬಯಾಲಜಿ ಪಾಠ ಮಾಡುವವನು. ಮೇಲಿನವರು ಕಟ್ಟಡದ ಕಡೆಯಿಂದ ಹೇಳಿದ್ದನ್ನು ನಾನು ಜೀವಿಗಳ ಕಡೆಯಿಂದ ಹೇಳುತ್ತೇನೆ.

ಪುಡಿ ಬೇಡ. ಆ ದುಡ್ಡು ಉಳಿಸಿ ಒಳ್ಳೇ ಜಲ್ಲಿಗೆ ಹಾಕಿ. ಇದನ್ನೂ ಕೊವೆಂಟ್ರಿಯವರೇ ಪರೀಕ್ಷೆ ಮಾಡಿದ್ದಾರೆ. ಆಯಿಲ್ ತಿನ್ನಲೆಂದೇ ತಯಾರಿಸಿದ, ಅಂಗಡಿಯಲ್ಲಿ ಸಿಗುವ ಬ್ಯಾಕ್ಟೀರಿಯಾ ಮಿಶ್ರಣವನ್ನೂ, ಆ ಪದರದಲ್ಲಿ ತಾನಾಗಿಯೇ ಬೆಳೆದು ನೆಲೆಸಿದ್ದ ಜೀವಿಗಳನ್ನೂ ಹೋಲಿಸಿ ನೋಡಿದರು. ಕೊಂಡು ತಂದದ್ದು ಒಂದು ಕೈ ಮೇಲೇನೂ ಆಗಲಿಲ್ಲ. 2002ರಲ್ಲಿ ಆ ಫಲಿತಾಂಶ ಪ್ರಕಟ ಆಗಿದೆ. ಕಾರಣ ಸರಳ. ಸ್ಯೂಡೋಮೊನಾಸ್, ರೋಡೋಕಾಕಸ್, ಅಸಿನೆಟೋಬ್ಯಾಕ್ಟರ್ ಥರದ ಎಣ್ಣೆ ತಿನ್ನುವ ಬ್ಯಾಕ್ಟೀರಿಯಾ ಎಲ್ಲಾ ಮಣ್ಣಲ್ಲೂ ಇವೆ. ನಿಮ್ಮ ಪಾರ್ಕಿಂಗ್‌ನ ಕಪ್ಪು ಕಲೆಗಳ ಸುತ್ತ ಇರುವ ಮಣ್ಣಲ್ಲಂತೂ ಅವು ಈಗಾಗಲೇ ವರ್ಷಗಳಿಂದ ಬದುಕುತ್ತಿವೆ. ಗಾಳಿ, ಧೂಳು, ಟೈರಿನ ಮಣ್ಣಿನ ಜೊತೆ ತಾವೇ ಬರುತ್ತವೆ. ಹೊರಗಿಂದ ತಂದವಕ್ಕೆ ಇಲ್ಲಿಯವರ ಜೊತೆ ಪೈಪೋಟಿ ಮಾಡಿ ಉಳಿಯುವುದು ಕಷ್ಟ.

ಬ್ಯಾಕ್ಟೀರಿಯಾ ಮಾತ್ರ ಅಲ್ಲ. ಶಿಲೀಂಧ್ರಗಳೂ ಬರುತ್ತವೆ, ಬ್ಯಾಕ್ಟೀರಿಯಾವನ್ನೇ ಮೇಯುವ ಏಕಕೋಶ ಜೀವಿಗಳೂ ಬರುತ್ತವೆ. ಮೇಯುವವು ಬಂದರೆ ನಷ್ಟ ಅನ್ನಿಸಬಹುದು. ಹಾಗಲ್ಲ. ಮುದಿ ಬ್ಯಾಕ್ಟೀರಿಯಾ ಹಿಡಿದುಕೊಂಡು ಕೂತ ಸಾರಜನಕ, ರಂಜಕವನ್ನು ಅವು ಮತ್ತೆ ಬಿಡುಗಡೆ ಮಾಡುತ್ತವೆ, ಹೊಸವು ಬೆಳೆಯುತ್ತವೆ. ಇಂಥ ಬಗೆಬಗೆಯ ಜೀವಿಗಳು ಸೇರಿಕೊಂಡಿದ್ದರೇನೇ ಆ ಪದರ ಆರೋಗ್ಯವಾಗಿದೆ ಅಂತ ಅರ್ಥ. ಪುಡಿಯ ಡಬ್ಬಿಯಿಂದ ಅದು ಬರಲ್ಲ.

ಹಾಗಿದ್ದರೆ ಅವಕ್ಕೆ ಏನು ಬೇಕು? ಮೊದಲು ಗಾಳಿ. ಇದನ್ನು ಒತ್ತಿ ಹೇಳುತ್ತೇನೆ, ಯಾಕೆಂದರೆ ಎಲ್ಲರೂ ಮರೆಯುವುದು ಇದನ್ನೇ. 1 ಕೆಜಿ ಎಣ್ಣೆ ಪೂರ್ತಿಯಾಗಿ ನೀರು ಮತ್ತು ಇಂಗಾಲದ ಡೈಆಕ್ಸೈಡ್ ಆಗಬೇಕಾದರೆ ಸುಮಾರು 3.4 ಕೆಜಿ ಆಮ್ಲಜನಕ ಬೇಕು. ಎಣ್ಣೆಯ ತೂಕದ ಮೂರು ಪಟ್ಟಿಗೂ ಜಾಸ್ತಿ! ಜಲ್ಲಿಯ ಸಂದಿಗಳಲ್ಲಿ ಗಾಳಿ ಆಡುತ್ತಿದ್ದರೆ ಅದು ಸಿಗುತ್ತದೆ. ಬಟ್ಟೆ ಇರುವ ಮಟ್ಟದವರೆಗೂ ನೀರು ವಾರಗಟ್ಟಲೆ ನಿಂತುಬಿಟ್ಟರೆ ಆಮ್ಲಜನಕ ಮುಗಿದು, ಕೆಲಸ ಬಹುಪಾಲು ನಿಂತು, ಕೆಟ್ಟ ವಾಸನೆ ಶುರುವಾಗುತ್ತದೆ. ಅದಕ್ಕೇ ಮೇಲೆ ಅವರು ಹೇಳಿದ ಹೆಚ್ಚುವರಿ ನೀರಿನ ಪೈಪ್ ಖಂಡಿತ ಬೇಕು, ಅದೂ ಮೇಲಿನ ಬಟ್ಟೆಗಿಂತ ಚೆನ್ನಾಗಿ ಕೆಳಗೆ.

ಆಮೇಲೆ ತೇವ ಮತ್ತು ಬಿಸಿ. ಇದರಲ್ಲಿ ನಾವು ಅದೃಷ್ಟವಂತರು. ಇಂಗ್ಲೆಂಡಿನ ಚಳಿಗಾಲದಲ್ಲಿ ನೆಲ ತಣ್ಣಗಾಗಿ ಜೀವಿಗಳು ಮಂಕಾಗುತ್ತವೆ. ಬೆಂಗಳೂರಲ್ಲಿ ವರ್ಷ ಪೂರ್ತಿ ಅವಕ್ಕೆ ಹಿತವಾದ ಹವೆ. ಕಷ್ಟ ಅಂದರೆ ಜನವರಿಯಿಂದ ಏಪ್ರಿಲ್ ತನಕ, ಮಳೆ ಇಲ್ಲದೆ ಪದರ ಒಣಗುವ ಕಾಲ. ಆಗ ಕೆಲಸ ನಿಧಾನ ಆಗುತ್ತದೆ, ಮೊದಲ ಮಳೆಗೆ ಮತ್ತೆ ಏಳುತ್ತವೆ.

ತೆಂಗಿನ ನಾರಿನ ಬಗ್ಗೆ. ನಿಮ್ಮ ಅಂಕಲ್ ಮನಸ್ಸು ಒಳ್ಳೆಯದು, ತುಮಕೂರು, ಹಾಸನದ ಕಡೆ ನಾರಿಗೇನೂ ಬರ ಇಲ್ಲ, ಇಳಿಜಾರಿನ ಮಣ್ಣು ಕೊಚ್ಚಿ ಹೋಗದ ಹಾಗೆ ಹೊದಿಸಲು ಆ ಬಟ್ಟೆಗೆ ಸಾಟಿ ಇಲ್ಲ, ಹುಲ್ಲು ಬೇರು ಬಿಡುವ ಹೊತ್ತಿಗೆ ಅದು ಕೊಳೆತು ಮಣ್ಣಾಗುತ್ತದೆ, ಅಲ್ಲಿ ಅದೇ ಬೇಕಾದದ್ದು. ಪೇವರ್ ಅಡಿಯಲ್ಲಿ ಕೊಳೆಯುವುದು ಬೇಡ. ಬೇಗ ಕೊಳೆಯದ ಲಿಗ್ನಿನ್ ಅನ್ನುವ ಗಟ್ಟಿ ಅಂಶ ಜಾಸ್ತಿ ಇರುವುದರಿಂದ ಬೇರೆ ನಾರುಗಳಿಗಿಂತ ಹೆಚ್ಚು ಬಾಳುತ್ತದೆ ನಿಜ, ಆದರೂ ಕೆಲವು ವರ್ಷಕ್ಕೆ ಕರಗಿ ಮೇಲಿನ ಚಿಪ್ಸ್ ಕೆಳಗಿಳಿದು ಪೇವರ್ ಕುಸಿಯುತ್ತದೆ. ಇಲ್ಲಿಗೆ ಪಾಲಿಪ್ರೊಪಿಲೀನೇ ಸರಿ.

ಇನ್ನೆರಡು ಎಚ್ಚರಿಕೆ. ಸಂದಿಯಲ್ಲಿ ಹುಲ್ಲು ಬಂತು ಅಂತ ಕಳೆನಾಶಕ ಹೊಡೆಯಬೇಡಿ. ಗ್ಲೈಫೋಸೇಟ್ ಇರುವ ಕಳೆನಾಶಕ ಹಾಕಿ ಪರೀಕ್ಷಿಸಿದಾಗ, ಹಿಡಿದಿಟ್ಟ ಆಯಿಲ್ ಮತ್ತು ಲೋಹಗಳು ಪದರದಿಂದ ಜಾಸ್ತಿ ಹೊರಬಂದವು ಅಂತ 2013ರಲ್ಲಿ ಅದೇ ಕೊವೆಂಟ್ರಿ ಕಡೆಯಿಂದ ವರದಿ ಬಂದಿದೆ. ಹುಲ್ಲನ್ನು ಕೈಯಲ್ಲೇ ಕೀಳಿಸಿ. ಎರಡನೆಯದು, ಬ್ಯಾಕ್ಟೀರಿಯಾ ಎಣ್ಣೆ ತಿನ್ನುತ್ತವೆ, ಲೋಹ ತಿನ್ನಲ್ಲ. ಓಡಿದ ಇಂಜಿನ್ ಆಯಿಲ್‌ನಲ್ಲಿ, ಬ್ರೇಕ್ ಧೂಳಿನಲ್ಲಿ ಸತು, ತಾಮ್ರ ಇರುತ್ತವೆ. ಅವು ಬಟ್ಟೆಯ ಮೇಲಿನ ಹೂಳಿನಲ್ಲೇ ಕೂತಿರುತ್ತವೆ. ಎಂದಾದರೂ ಪೇವರ್ ಎತ್ತಿ ಬಟ್ಟೆ ಬದಲಿಸುವಾಗ ಆ ಹೂಳನ್ನು ಗಿಡಗಳಿಗೆ ಮಾತ್ರ ಹಾಕಬೇಡಿ.

ರಿಂಗ್‌ರೋಡ್ ಗ್ಯಾರೇಜ್

ಅಕ್ಕಾ, ನಮ್ಮದು ನಾಗರಬಾವಿ ಕಡೆ ಸಣ್ಣ ಗ್ಯಾರೇಜು. ವಿಜ್ಞಾನ ಅವರು ಹೇಳಿದರು, ನಾನು ಆಯಿಲ್ ಕಡೆಯಿಂದ ಹೇಳ್ತೀನಿ.

ಭಾನುವಾರದ ಕೆಲಸ ಮೊದಲು ನಿಲ್ಲಿಸಿ. ಬೈಕಲ್ಲಿ ಒಂದು ಲೀಟರ್ ಹತ್ತಿರ ಆಯಿಲ್ ಇರುತ್ತೆ, ಸಣ್ಣ ಕಾರಲ್ಲಿ ಮೂರರಿಂದ ನಾಲ್ಕು ಲೀಟರ್. ಬೋಲ್ಟ್ ಬಿಚ್ಚುವಾಗ ಒಂದು ಸಲ ಟ್ರೇ ಜಾರಿದರೆ ಸಾಕು. ಹಳೇ ಫಿಲ್ಟರನ್ನು ನೆಲದ ಮೇಲೆ ಮಗುಚಿಟ್ಟರೆ ಅದರಿಂದಲೇ ಎಷ್ಟೋ ಸುರಿಯುತ್ತೆ. ಆ ಹುಡುಗನಿಗೂ ಹೊಟ್ಟೆಪಾಡು, ಬೈದು ಕಳಿಸಬೇಡಿ. ಗಾಡಿಯನ್ನು ತನ್ನ ಅಂಗಡಿಗೆ ತಗೊಂಡು ಹೋಗಿ ಮಾಡಿಕೊಡಪ್ಪಾ ಅಂದರೆ ಮಾಡಿಕೊಡ್ತಾನೆ. ಇಲ್ಲೇ ಆಗಬೇಕು ಅಂದರೆ ಒಂದು ಮೂಲೆಯಲ್ಲಿ ಆರಡಿಗೆ ಎಂಟಡಿ ಕಾಂಕ್ರೀಟ್ ಹಾಗೇ ಉಳಿಸಿಕೊಳ್ಳಿ, ಸುತ್ತ ಎರಡಿಂಚು ಕಟ್ಟೆ ಕಟ್ಟಿಸಿ, ಮೇಲೆ ಶೀಟ್ ಹಾಕಿಸಿ.

ವೇಸ್ಟ್ ಆಯಿಲ್ ಕ್ಯಾನ್‌ಗೆ ತುಂಬಿಸಿಡಿ. ನೀರು ಸೇರಬಾರದು, ಥಿನ್ನರ್ ಸೇರಬಾರದು. ಕಾನೂನಿನ ಪ್ರಕಾರ ಅದು ಅಪಾಯಕಾರಿ ತ್ಯಾಜ್ಯ, ಮಾಲಿನ್ಯ ನಿಯಂತ್ರಣ ಮಂಡಳಿ ಒಪ್ಪಿಗೆ ಇರುವ ರೀಸೈಕ್ಲಿಂಗ್‌ನವರಿಗೇ ಹೋಗಬೇಕು. ನಿಮ್ಮ ಮೆಕ್ಯಾನಿಕ್‌ಗೆ ಕೇಳಿ, ಅವನು ಎಲ್ಲಿಗೆ ಕೊಡ್ತಾನೆ ಅಂತ. ಚರಂಡಿಗೆ ಸುರೀತಾನೆ ಅಂತ ಗೊತ್ತಾದರೆ ಅವನ ಕೈಲಿ ಆಯಿಲ್ ಚೇಂಜ್ ಮಾಡಿಸಲೇಬೇಡಿ. ನಮ್ಮ ಚರಂಡಿಯೆಲ್ಲ ರಾಜಕಾಲುವೆಗೆ, ರಾಜಕಾಲುವೆಯೆಲ್ಲ ಕೆರೆಗೆ. ಬೆಳ್ಳಂದೂರು ಕೆರೆಯ ನೊರೆಗೆ ಬೆಂಕಿ ಬಿದ್ದದ್ದು 2015ರಲ್ಲಿ ಎಲ್ಲರೂ ನೋಡಿದ್ದೀವಿ, ಊರಿನ ಕೊಳಕೆಲ್ಲ ಒಂದು ಕೆರೆಗೆ ಬಿಟ್ಟರೆ ಅದೇ ಗತಿ.

ತೊಟ್ಟಿಕ್ಕೋ ಎರಡು ಕಾರಿದೆಯಲ್ಲ, ನೂರಕ್ಕೆ ತೊಂಬತ್ತು ಪಾಲು ಚೇಂಬರ್ ಪ್ಯಾಕಿಂಗ್, ಅಂದರೆ ಇಂಜಿನ್ ಕೆಳಗಿನ ಆಯಿಲ್ ತೊಟ್ಟಿಯ ಪ್ಯಾಕಿಂಗ್ ಇರಬೇಕು, ಇಲ್ಲಾ ಡ್ರೈನ್ ಬೋಲ್ಟಿನ ವಾಷರ್. ವಾಷರ್ ಆದರೆ ಕೆಲವೇ ರೂಪಾಯಿ ಕೆಲಸ. ಗಾಡಿ ಕೆಳಗೆ ಹಳೇ ರಟ್ಟು ಹಾಕಿ ಒಂದು ರಾತ್ರಿ ಬಿಡಿ, ತೊಟ್ಟು ಎಲ್ಲಿ ಬಿದ್ದಿದೆ ನೋಡಿದರೆ ಎಲ್ಲಿಂದ ಅಂತ ಗೊತ್ತಾಗುತ್ತೆ. ಇಂಜಿನ್ನಿನ ನಡುವೆ ಕೆಳಗೆ ಬಿದ್ದಿದ್ದರೆ ಚೇಂಬರ್ರು, ಹಿಂದೆ ಗೇರ್‌ಬಾಕ್ಸ್ ಸೇರುವ ಕಡೆ ಬಿದ್ದಿದ್ದರೆ ಹಿಂದಿನ ಆಯಿಲ್ ಸೀಲು, ಅದು ಖರ್ಚಿನ ಕೆಲಸ.

ಮತ್ತೆ ಪೇವರ್ ಮೇಲೆ ಫೋಮ್ ವಾಷ್ ಮಾಡಿಸಬೇಡಿ, ಡೀಗ್ರೀಸರ್ ಹಾಕಿ ಕಲೆ ಉಜ್ಜಿಸಬೇಡಿ. ಸೋಪು ಎಣ್ಣೆನ ನೀರಲ್ಲಿ ಕಲಸಿಬಿಡುತ್ತೆ, ಕಲಸಿದ ಮೇಲೆ ಯಾವ ಬಟ್ಟೆಯೂ ತಡೆಯಲ್ಲ. ಆಯಿಲ್ ಚೆಲ್ಲಿದರೆ ತಕ್ಷಣ ಮರದ ಹೊಟ್ಟು ಸುರಿದು, ಹೀರಿದ ಮೇಲೆ ಗುಡಿಸಿ ಕವರಿಗೆ ತುಂಬಿ. ನೀರು ಮಾತ್ರ ಬಿಡಬೇಡಿ.

ಹಳೇ ಕ್ಯಾಂಪಸ್

ನನ್ನದು ಸ್ವಲ್ಪ ಬೇರೆ ಮಾತು. ಯಲಹಂಕ ಕಡೆ ಒಂದು ಕ್ಯಾಂಪಸ್ಸಿನ ಮೇಂಟೆನೆನ್ಸ್ ನೋಡಿಕೊಳ್ಳುತ್ತೇನೆ. ಅಲ್ಲಿ ಇದೇ ಥರದ ಪಾರ್ಕಿಂಗ್ ಇದೆ, ಮೇಲಿನ ಬಟ್ಟೆ ಸಮೇತ. ನಾಲ್ಕನೇ ಮಳೆಗಾಲದ ಹೊತ್ತಿಗೆ ಒಂದು ಭಾಗದಲ್ಲಿ ನೀರು ನಿಲ್ಲಲು ಶುರುವಾಯಿತು. ಪೇವರ್ ಎತ್ತಿಸಿ ನೋಡಿದೆವು.

ಪೇವರ್ ಕೆಳಗಿನ ಚಿಪ್ಸ್ ಮೇಲ್ಭಾಗ ಕೆಂಪಾಗಿತ್ತು, ಕೈಗೆ ಹಿಟ್ಟಿನಂಥ ಮಣ್ಣು ಅಂಟುತ್ತಿತ್ತು. ಬಟ್ಟೆಯ ಮೇಲೆ ಅರ್ಧ ಬೆರಳು ದಪ್ಪ ಕೆಸರು, ಒತ್ತಿದರೆ ನೀರು ಮೇಲೆ ಬರುತ್ತಿತ್ತು, ಕೆಳಗೆ ಇಳಿಯುತ್ತಿರಲಿಲ್ಲ. ಪಕ್ಕದ ಗಾರ್ಡನ್ ಮಣ್ಣು ಪಾರ್ಕಿಂಗ್ ಕಡೆಗೇ ಇಳಿಜಾರಾಗಿತ್ತು, ಮಳೆಗೆ ಅದೆಲ್ಲ ಹರಿದು ಬಂದಿತ್ತು. ಸ್ವಲ್ಪ ದೂರದಲ್ಲಿ, ಬಸ್ ನಿಲ್ಲುವ ಜಾಗದಲ್ಲೂ ಎತ್ತಿಸಿದೆವು. ಅಲ್ಲಿ ಗಾರ್ಡನ್ ಮಣ್ಣು ಬರುವ ಹಾಗಿಲ್ಲ. ಬಟ್ಟೆಯ ಮೇಲೆ ಕಂದು ಕಲೆ, ಮೂಸಿದರೆ ಆಯಿಲ್‌ಗಿಂತ ಹೆಚ್ಚಾಗಿ ಹಸಿ ಮಣ್ಣಿನ ವಾಸನೆ. ಬಟ್ಟೆ ಸರಿಸಿ ಕೆಳಗಿನ ಜಲ್ಲಿ ಕೈಗೆ ತಗೊಂಡರೆ ಜಿಡ್ಡೇ ಇಲ್ಲ.

ಹಾಗಾಗಿ ಆಯಿಲ್ ವಿಷಯದಲ್ಲಿ ನನಗೆ ಅನುಮಾನ ಇಲ್ಲ. ಕಟ್ಟಿಕೊಳ್ಳುವ ವಿಷಯದಲ್ಲಿ ಇದೆ. ಮೇಲಿನ ಬಟ್ಟೆ ಕಟ್ಟಿಕೊಂಡರೆ ಇಡೀ ಪೇವರ್ ಎತ್ತಬೇಕು. ಬಟ್ಟೆ ಇಲ್ಲದೆ ಬರೀ ಚಿಪ್ಸ್, ಜಲ್ಲಿ ಹಾಕಿದರೆ ಆ ತಲೆನೋವು ಇಲ್ಲ, ಆಯಿಲ್ ತಿನ್ನುವ ಕೆಲಸ ಜಲ್ಲಿಯ ಮೇಲೂ ನಡೆಯುತ್ತದೆ ಅಂತ ಮೇಲೆ ಅವರೇ ಬರೆದಿದ್ದಾರೆ. ಇಷ್ಟು ಧೂಳಿರುವ ಊರಿಗೆ ಮೇಲಿನ ಬಟ್ಟೆ ಬೇಕೇ ಅಂತ ಯೋಚನೆ ಮಾಡಿ.

ಜಲ್ಲಿ ಲೆಕ್ಕ

@ಹಳೇ ಕ್ಯಾಂಪಸ್, ನೀವು ಹೇಳಿದ್ದು ಬಹಳ ಉಪಯೋಗದ ಮಾತು ಸರ್. ಮೇಲಿನ ಬಟ್ಟೆ ಬೇಕೋ ಬೇಡವೋ ಅಂತ ಇಂಜಿನಿಯರುಗಳ ನಡುವೆಯೇ ಎರಡು ಅಭಿಪ್ರಾಯ ಇದೆ. ನೀವು ನೋಡಿದ ಎರಡು ಜಾಗವೇ ಇದಕ್ಕೆ ಉತ್ತರ ಅಂತ ನನಗೆ ಅನ್ನಿಸುತ್ತದೆ. ಗಾರ್ಡನ್ ಮಣ್ಣು ಹರಿದು ಬಂದ ಕಡೆ ಬಟ್ಟೆ ಇಲ್ಲದಿದ್ದರೆ ಆ ಕೆಸರು ಇನ್ನೂ ಕೆಳಗಿಳಿದು ದಪ್ಪ ಜಲ್ಲಿಯೊಳಗೆ, ಕೊನೆಗೆ ಅಡಿಯ ಬಟ್ಟೆಯ ಮೇಲೆ ಕೂರುತ್ತಿತ್ತು. ಆಗ ಪೇವರ್ ಎತ್ತಿದರೂ ಸಾಲದು, 300 ಎಂಎಂ ಜಲ್ಲಿ ಪೂರ್ತಿ ತೋಡಬೇಕಾಗುತ್ತಿತ್ತು. ಮಣ್ಣು ಬರುವ ದಾರಿಯನ್ನೇ ಮುಚ್ಚಬೇಕು.

ಮಂಜುಳಾ ಮೇಡಂ ಅವರ ಜಾಗದಲ್ಲಿ ಕೆಳಗೆ ಬೋರ್‌ವೆಲ್ ಇದೆ, ಮೇಲೆ ತೊಟ್ಟಿಕ್ಕುವ ಗಾಡಿ ಇವೆ. ಅಲ್ಲಿ ನಾನಾದರೆ ಮೇಲಿನ ಬಟ್ಟೆ ಬಿಡುವುದಿಲ್ಲ. ಗಾಡಿಯೇ ನಿಲ್ಲದ, ಬರೀ ನಡೆದಾಡುವ ಕಡೆ ಬೇಕಾದರೆ ಬಿಡಬಹುದು. ಗಿಡದ ಪಾತಿಗಳಿದ್ದರೆ ಅವುಗಳ ಮಟ್ಟ ಪೇವರ್‌ಗಿಂತ ಕೆಳಗಿರಲಿ, ಇಲ್ಲವೇ ಸುತ್ತ ಕಟ್ಟೆ ಇರಲಿ. ಪಕ್ಕದಲ್ಲಿ ಮನೆ ಕಟ್ಟುವವರು ಮರಳು, ಸಿಮೆಂಟ್ ತಂದು ನಿಮ್ಮ ಪೇವರ್ ಮೇಲೆ ಸುರಿಯಲು ಬಿಡಲೇಬೇಡಿ, ಒಂದೇ ದಿನದಲ್ಲಿ ಸಂದಿಯೆಲ್ಲ ಮುಚ್ಚಿಹೋಗುತ್ತದೆ.

ಮೇಂಟೆನೆನ್ಸ್ ಅಂದಿದ್ದು ಇದು. ಧೂಳು ಮೊದಲು ಕೂರುವುದು ಪೇವರ್ ಸಂದಿಯ ಮೇಲಿನ ಒಂದೆರಡು ಇಂಚಿನಲ್ಲಿ. ವಾರಕ್ಕೊಮ್ಮೆ ಒಣ ಗುಡಿಸುವುದು. ಮುಂಗಾರಿಗೆ ಮುಂಚೆ ಏಪ್ರಿಲ್ ಕೊನೆಯಲ್ಲಿ ಒಂದು ಸಲ, ಹಿಂಗಾರು ಮುಗಿದ ಮೇಲೆ ಇನ್ನೊಂದು ಸಲ, ಬಾಡಿಗೆಗೆ ಸಿಗುವ ದೊಡ್ಡ ವ್ಯಾಕ್ಯೂಮ್ ತಂದು ಸಂದಿ ಎಳೆಸಿ, ಹೋದಷ್ಟು ಚಿಪ್ಸ್ ಮತ್ತೆ ತುಂಬಿಸಿ. ಇದನ್ನು ಕೊಟೇಶನ್‌ನಲ್ಲೇ ಬರೆಸಿಕೊಳ್ಳಿ.

ಕತ್ರಿಗುಪ್ಪೆ ಮಂಜುಳಾ

ಎಲ್ಲರಿಗೂ ತುಂಬಾ ತುಂಬಾ ಧನ್ಯವಾದ. ಇಷ್ಟು ಬಿಡಿಸಿ ಹೇಳುತ್ತೀರಿ ಅಂತ ಅಂದುಕೊಂಡಿರಲಿಲ್ಲ. ಪ್ರಿಂಟ್ ತೆಗೆದು ಕಮಿಟಿಯವರಿಗೆ ಕೊಟ್ಟಿದ್ದೇನೆ. ಪುಡಿ ಲೆಕ್ಕದಿಂದ ತೆಗೆಸಿದ್ದೇವೆ. ಇಂಗುಬಾವಿಗೆ ಪೈಪ್ ಬೇಡ ಅಂತ ಎಲ್ಲರೂ ಒಪ್ಪಿದರು. ಕಂಟ್ರಾಕ್ಟರ್ ಸ್ವಲ್ಪ ಮುನಿಸಿಕೊಂಡರು, ಕೊನೆಗೆ ಸರಿ ಅಂದರು. ಮೆಕ್ಯಾನಿಕ್ ಹುಡುಗನಿಗೂ ಹೇಳಿ ಆಯಿತು, ಅವನ ಅಂಗಡಿ ಹತ್ತಿರದಲ್ಲೇ ಇದೆ.

ಎರಡು ಅನುಮಾನ ಉಳಿದಿದೆ. ಬ್ಯಾಕ್ಟೀರಿಯಾಗೆ ಗೊಬ್ಬರ ಬೇಕು ಅಂತ ಎಲ್ಲೋ ಓದಿ, ಪೇವರ್ ಹಾಕುವ ಮುಂಚೆ ಚಿಪ್ಸ್ ಮೇಲೆ ಯೂರಿಯಾ ಎರಚೋಣ ಅಂತ ಒಬ್ಬರು ಹೇಳುತ್ತಿದ್ದಾರೆ. ಹಾಕಬಹುದಾ? ಮತ್ತೆ ಕೆಳಗೆ ಆಯಿಲ್ ಇಳಿಯುತ್ತಿಲ್ಲ ಅಂತ ನಾವು ತಿಳಿದುಕೊಳ್ಳುವುದು ಹೇಗೆ? ಪೇವರ್ ಕಿತ್ತು ನೋಡುವುದಂತೂ ಆಗಲ್ಲ ಅಲ್ವಾ.

ಸೂಕ್ಷ್ಮಜೀವಿ ಮೇಷ್ಟ್ರು

ಯೂರಿಯಾ ಖಂಡಿತ ಬೇಡ. ಅವರು ಓದಿದ್ದು ಸುಳ್ಳಲ್ಲ. ಎಣ್ಣೆಯಲ್ಲಿ ಇಂಗಾಲ ದಂಡಿಯಾಗಿದೆ, ಸಾರಜನಕ, ರಂಜಕ ಇಲ್ಲವೇ ಇಲ್ಲ ಅನ್ನಬಹುದು. ನೂರು ಪಾಲು ಇಂಗಾಲಕ್ಕೆ ಹತ್ತು ಪಾಲು ಸಾರಜನಕ, ಒಂದು ಪಾಲು ರಂಜಕ ಅನ್ನುವುದು ಈ ಕೆಲಸದಲ್ಲಿ ಬಳಸುವ ಸಾಮಾನ್ಯ ಅಂದಾಜು. ಕೊವೆಂಟ್ರಿಯವರೂ ತಮ್ಮ ಪ್ರಯೋಗದಲ್ಲಿ ನಿಧಾನವಾಗಿ ಕರಗುವ ಗೊಬ್ಬರದ ಗುಳಿಗೆ ಹಾಕಿದ್ದರು. ಮುಂದೆ, ನಿಧಾನಕ್ಕೆ ಫಾಸ್ಫೇಟ್ ಬಿಡುವ ಸಣ್ಣ ಮಣಿಗಳನ್ನು ಬಟ್ಟೆಯೊಳಗೇ ಸೇರಿಸುವ ಪ್ರಯತ್ನವನ್ನೂ ಮಾಡಿದರು.

ಆದರೆ ಯೂರಿಯಾ ನೀರಲ್ಲಿ ಸಕ್ಕರೆಯಂತೆ ಕರಗುತ್ತದೆ. ಮೊದಲ ದೊಡ್ಡ ಮಳೆಗೆ ಬಹುಪಾಲು ಕೆಳಗೆ ಹೋಗಿ ನೈಟ್ರೇಟ್ ಆಗುತ್ತದೆ. ಕುಡಿಯುವ ನೀರಲ್ಲಿ ನೈಟ್ರೇಟ್ ಲೀಟರ್‌ಗೆ 45 ಮಿಲಿಗ್ರಾಂ ದಾಟಬಾರದು ಅಂತ ಕುಡಿಯುವ ನೀರಿನ ನಮ್ಮ ದೇಶದ ಮಾನದಂಡ ಐಎಸ್ 10500 ಹೇಳುತ್ತದೆ. ಬೆಂಗಳೂರಿನ ಎಷ್ಟೋ ಬೋರ್‌ವೆಲ್‌ಗಳು ಚರಂಡಿ ನೀರಿನಿಂದ ಈಗಾಗಲೇ ಅದನ್ನು ದಾಟಿವೆ. ಆಯಿಲ್‌ಗೆ ಹೆದರಿ ನೈಟ್ರೇಟ್ ಸುರಿಯುವುದು ಯಾಕೆ? ನಿಮ್ಮಲ್ಲಿ ಬೀಳುವುದು ತೊಟ್ಟು ಆಯಿಲ್. ಧೂಳು, ಉದುರಿದ ಎಲೆ, ಹಕ್ಕಿ ಹಿಕ್ಕೆಯಿಂದ ಬರುವ ಪೋಷಕಾಂಶದಲ್ಲೇ ಸ್ವಲ್ಪ ನಿಧಾನವಾದರೂ ಕೆಲಸ ನಡೆಯುತ್ತದೆ. ಬೋರ್‌ವೆಲ್ ಇಲ್ಲದ ಜಾಗ, ತೊಟ್ಟು ಜಾಸ್ತಿ ಬೀಳುವ ಬಸ್ ಡಿಪೋ ಥರದ ಜಾಗವಾದರೆ ನಿಧಾನ ಗುಳಿಗೆಯ ಮಾತಾಡೋಣ.

ಪರೀಕ್ಷೆ ಸುಲಭ. ಜಲ್ಲಿ ತುಂಬುವಾಗಲೇ ಅಡಿಯ ಬಟ್ಟೆಯವರೆಗೂ ಮುಟ್ಟುವ ಹಾಗೆ, ಕೆಳಗಿನ ಒಂದಡಿಗೆ ತೂತು ಕೊರೆದ 4 ಇಂಚಿನ ಪಿವಿಸಿ ಪೈಪ್ ನಿಲ್ಲಿಸಿ, ಮೇಲೆ ಮುಚ್ಚಳ ಹಾಕಿಸಿ. ಗಾಡಿ ಹೆಚ್ಚು ನಿಲ್ಲುವ ಕಡೆ ಒಂದು, ಹೆಚ್ಚುವರಿ ನೀರಿನ ಪೈಪಿನ ಹತ್ತಿರ ಒಂದು. ಜೋರು ಮಳೆ ನಿಂತ ಮೇಲೆ ಅದರಿಂದ ನೀರು ತೆಗೆದು ಗಾಜಿನ ಬಾಟಲಿಗೆ ಹಾಕಿ, ಪ್ಲಾಸ್ಟಿಕ್ ಬೇಡ, ಆಯಿಲ್ ಅದಕ್ಕೇ ಅಂಟುತ್ತದೆ. ಬೆಳಕಿಗೆ ಹಿಡಿದಾಗ ಮೇಲೆ ಕಾಮನಬಿಲ್ಲಿನ ಬಣ್ಣದ ಪೊರೆ ಕಂಡರೆ ಎಲ್ಲೋ ಚೆಲ್ಲಿದೆ ಅಂತ ಅರ್ಥ. ಕಾಣದಿದ್ದರೂ ವರ್ಷಕ್ಕೆ ಒಂದು ಸಲ ಮಾನ್ಯತೆ ಇರುವ ಲ್ಯಾಬಿಗೆ ಕೊಟ್ಟು ಆಯಿಲ್ ಅಂಡ್ ಗ್ರೀಸ್ ಪರೀಕ್ಷೆ ಮಾಡಿಸಿ. ಕಾರ್ಖಾನೆಯವರು ಕೆರೆ, ಹೊಳೆಗೆ ಬಿಡುವ ನೀರಲ್ಲಿ ಲೀಟರ್‌ಗೆ 10 ಮಿಲಿಗ್ರಾಂ ತನಕ ಇರಬಹುದು ಅನ್ನುತ್ತದೆ ಕಾನೂನು. ಲ್ಯಾಬಿನವರು ಅದನ್ನೇ ತೋರಿಸಿ ಪಾಸ್ ಅಂದರೆ ಒಪ್ಪಬೇಡಿ. ನಿಮ್ಮ ನೀರು ಅಂತರ್ಜಲಕ್ಕೆ ಇಳಿಯುವುದು, ಅದರಲ್ಲಿ ಆಯಿಲ್ ಪತ್ತೆಯೇ ಆಗಬಾರದು. ಬೋರ್‌ವೆಲ್ ನೀರನ್ನೂ ಕೆಲಸ ಶುರುವಾಗುವ ಮುಂಚೆ ಒಮ್ಮೆ ಪರೀಕ್ಷೆಗೆ ಕೊಡಿ, ಆಗ ಆಮೇಲಿನದಕ್ಕೆ ಹೋಲಿಸಲು ಒಂದು ಲೆಕ್ಕ ಕೈಯಲ್ಲಿರುತ್ತದೆ.

ರಿಂಗ್‌ರೋಡ್ ಗ್ಯಾರೇಜ್

ಆ ಪೈಪಿನ ಮುಚ್ಚಳ ಥ್ರೆಡ್ ಇರೋದು ಹಾಕಿಸಿ ಅಕ್ಕಾ, ಬರೀ ಒತ್ತೋದಾದರೆ ಟೈರ್ ತಾಗಿ ಹಾರಿಹೋಗುತ್ತೆ, ಆಮೇಲೆ ಗುಡಿಸಿದ ಕಸವೆಲ್ಲ ಅದರೊಳಗೇ. ಪೈಪನ್ನು ಎರಡು ಗಾಡಿಯ ನಡುವಿನ ಗೆರೆ ಮೇಲೆ ಬರೋ ಹಾಗೆ ಮೇಸ್ತ್ರಿಗೆ ಗುರುತು ಹಾಕಿಕೊಡಿ.